ಮತ್ತ ಅಲ್ಲೇ ಇಡ್ರಿ

ವಾಮನ ಹೊಡೆದ ಬಿಳಿ ಚೆಂಡು ಒಂದೂ ಕೆಂಪು ಚೆಂಡನ್ನು ಮುಟ್ಟದೆ ಹೋಗಿ ನಿಂತಿತು.

"ಫೌಲ್. ಮಿಸ್ ಸೈತ," ಎಂದರು ರೆಫರಿ ಪೀರಸಾಬರು.

ಗದಗದ ಆ ಸ್ನೂಕರ್ ಕ್ಲಬ್ಬಿನಲ್ಲಿ ಫೌಲಿನ ಅಂಕಗಳು, ಅಂಕಕ್ಕೊಂದು ವರ್ಷದಂತೆ, ಆಯುಷ್ಯದಿಂದಲೇ ಕಡಿತವಾಗುತ್ತಿದ್ದವು. ಫೌಲಿಗೆ ನಾಲ್ಕು ಅಂಕ; ವಾಮನನಿಗೆ ನಿಂತಲ್ಲೇ ನಾಲ್ಕು ವರ್ಷ ಹೆಚ್ಚು ವಯಸ್ಸಾಗಿ ಮೀಸೆ ನರೆಯಿತು. ಪಕ್ಕದ ಮೇಜಿನವರು ಚಹಾ ಕುಡಿಯುತ್ತಲೇ ಇದ್ದರು. ನಡುವೆ ಆಟ ಬಿಟ್ಟೇಳುವ ಪದ್ಧತಿಯಿಲ್ಲ. ಮಿಸ್ ಆದರೆ ಚೆಂಡುಗಳನ್ನು ಮೊದಲಿದ್ದಲ್ಲೇ ಇಟ್ಟು ಮತ್ತೆ ಹೊಡೆಸುವ ಹಕ್ಕು ಎದುರಾಳಿಯದು.

"ಮತ್ತ ಅಲ್ಲೇ ಇಡ್ರಿ," ಎಂದಳು ಕಸ್ತೂರಿ.

ಹೋದ ವರ್ಷ ವಾಮನ ಇದೇ ಮಾತನ್ನು ನಗುನಗುತ್ತಾ ಹೇಳಿದ್ದ. ಬೆಳಿಗ್ಗೆ ಸೈಕಲ್ ತುಳಿದುಕೊಂಡು ಅವನೆದುರು ಆಡಲು ಬಂದ ಕಸ್ತೂರಿಯ ತಮ್ಮ ರೇವಣ, ಸಂಜೆ ಕೋಲೂರಿಕೊಂಡು ಮನೆ ಸೇರಿದ್ದ. ದೀಪಾವಳಿಯ ತನಕ ಉಳಿಯಲಿಲ್ಲ.

ವಾಮನ ಮತ್ತೆ ತಪ್ಪಿದ. ಮತ್ತೂ ತಪ್ಪಿದ. ಒಂದೊಂದು ತಪ್ಪಿಗೂ ಹಲ್ಲುಗಳು ಉದುರುತ್ತ ಬಂದವು.

"ಸಾಕ್ರಿ ಪೀರಸಾಬ್ರ! ಮ್ಯಾಜಿನ ಮ್ಯಾಲೆ ಉಳದ ಅಂಕಕ್ಕಿಂತ ಹೆಚ್ಚು ಹಿಂದ ಬಿದ್ದವಂಗ ಮಿಸ್ ಕೊಡಂಗಿಲ್ಲ. ನಿಯಮ ಐತಿ," ಎಂದು ವಾಮನ ಕೂಗಿದ.

"ಐತಿ. ಆದ್ರ ಒಂದು ಚೆಂಡೂ ಒಳಗ ಹೋಗಿಲ್ಲಲ್ರಿ. ಇನ್ನೂ ಪೂರಾ ನೂರಾ ನಲವತ್ತೇಳು ಅಂಕ ಉಳದಾವು. ಅದಕ್ಕಿಂತ ಹೆಚ್ಚು ಹಿಂದ ಬೀಳಬೇಕು," ಎಂದರು ಪೀರಸಾಬರು.

ಆಟದ ಮೊದಲಿಗೆ ಕುಳಿಯ ಬಾಯಲ್ಲೇ ನಿಂತಿದ್ದ ಕೆಂಪನ್ನು ಕಸ್ತೂರಿ ಒಳಗೆ ಹಾಕಿರಲಿಲ್ಲ. ಬೇರೊಂದು ಕೆಂಪನ್ನು ಸವರಿ, ಬಿಳಿಯನ್ನು ಕಂದು ಚೆಂಡಿನ ಮರೆಗೆ ಕಳಿಸಿದ್ದಳು. ಅವಳಿಗೆ ಆಟವೇ ಬಾರದೆಂದು ವಾಮನ ಗಹಗಹಿಸಿದ್ದ.

ಈಗ ಅವನು ಬೋಳುಬಾಯಿ ತೆರೆದು ಅವಳನ್ನೇ ನೋಡಿದ.

"ನೂರಾ ನಲವತ್ತೇಳು ವರ್ಷ ಯಾರ ಬದುಕ್ಯಾರ, ವಾಮನಣ್ಣಾ?" ಎಂದು ಕೇಳಿ ಕಸ್ತೂರಿ ಪೀರಸಾಬರತ್ತ ತಿರುಗಿದಳು. "ಮತ್ತ ಅಲ್ಲೇ ಇಡ್ರಿ."