ನಂದಾಳ ಸಂಜೆ

“ದಿನಾ ಸಂಜಿಕ ಉತ್ತರ ಕೊಡ್ತೀನಿ,” ಎಂದು ಸಾಯುತ್ತಿದ್ದ ಮಗಳು ನಂದಾಳಿಗೆ ಗಿರಿಜವ್ವ ಮಾತು ಕೊಟ್ಟಿದ್ದಳು. ಸತ್ತವರು ರೇಡಿಯೋದಲ್ಲಿ ಮಾತಾಡುವುದು ಊರಿಗೆಲ್ಲ ರೂಢಿ. ಒಂದು ಸಂಜೆ ಉತ್ತರ ಸಿಗದಿದ್ದರೆ ಆ ದನಿ ಮತ್ತೆ ಬಾರದು. ನಂದಾಳ ದನಿ ವರ್ಷವರ್ಷಕ್ಕೂ ಕೆಳಗಿನ ತರಂಗಕ್ಕೆ ಇಳಿದು, ಊರಿನ ಬೇರೆ ಸೆಟ್ಟುಗಳಿಗೆ ಸಿಗದಂತಾಗಿತ್ತು. ಅದನ್ನು ಹಿಡಿಯಲು, ತಾನೇ ಜೋಡಿಸಿದ ರೇಡಿಯೋ ಸೆಟ್ಟಿನ ಸುರುಳಿಗೆ ಗಿರಿಜವ್ವ ಇನ್ನಷ್ಟು ತಂತಿ ಸುತ್ತುತ್ತಿದ್ದಳು.

ಇಂದು ಗಿರಣಿಯಿಂದ ದಣಿದು ಬಂದವಳು ತಂತಿ ಸುತ್ತಿ ಬೆಸೆದಳು. ಬಿಚ್ಚಿಟ್ಟಿದ್ದ ಆಂಟೆನಾ ಮತ್ತೆ ಸಿಕ್ಕಿಸುವುದನ್ನು ಮರೆತು ಮಾತಿನ ಗುಂಡಿ ಒತ್ತಿದಳು. ಹೊರಹೋಗಲು ಆಂಟೆನಾ ಇಲ್ಲದೆ ಶಕ್ತಿಯೆಲ್ಲ ಒಳಗೇ ತಿರುಗಿ, ದನಿ ಕಳಿಸುವ ಟ್ರಾನ್ಸಿಸ್ಟರ್ ಸುಟ್ಟುಹೋಯಿತು. ಅಂಥ ಇನ್ನೊಂದು ಟ್ರಾನ್ಸಿಸ್ಟರ್ ಊರಲ್ಲೆಲ್ಲೂ ಇರಲಿಲ್ಲ. ಆಂಟೆನಾ ಸಿಕ್ಕಿಸಿದಾಗ ಆಚೆಯ ದನಿ ಮಾತ್ರ ಸರಿಯಾಗಿ ಕೇಳಿತು.

“ಯವ್ವಾ, ಅದೀ ಏನ? ಇವತ್ತೂ ಗಿರಣ್ಯಾಗ ನಿಂತಲ್ಲೇ ನಿದ್ದಿ ಹೊಡದಿ ಏನ?” ನಂದಾ ನಕ್ಕಳು. ಸ್ವಲ್ಪ ಕಾದು, “ಮಾತಾಡಬೇ,” ಎಂದಳು.

“ಇಲ್ಲೇ ಅದೀನಿ, ನನ್ನವ್ವಾ!” ಗಿರಿಜವ್ವ ಮೈಕಿಗೆ ಬಾಯಿಟ್ಟು ಕೂಗಿದಳು.

“ಯವ್ವಾ?”

ಕತ್ತಲಾಯಿತು. ಗಿರಿಜವ್ವ ಕೊಟ್ಟ ಮಾತು ಉಳಿಯಲಿಲ್ಲ.