ಅರಿವಿ ಹಿಂಡೋ ಮಿಶನ್

ಅರಿವಿ ಹಿಂಡೋ ಮಿಶನ್ ಅಡಿಗೆಮನೆಯಲ್ಲಿ ಇಡಬೇಕೋ, ಹಿತ್ತಲ ಕಡೆಯ ಕೋಣೆಯಲ್ಲಿ ಇಡಬೇಕೋ ಅಂತ ಮೈಲೂರಿನ ಮಲ್ಲಿಕಾರ್ಜುನಪ್ಪನ ಮನೆಯಲ್ಲಿ ಬೆಳಗಿನಿಂದ ಗಂಡ ಹೆಂಡತಿಗೆ ಜಗಳ ಹತ್ತಿಕೊಂಡಿತ್ತು. ಒಲೆಯ ಮೇಲಿನ ಬ್ಯಾಳಿ ಉಕ್ಕಿ ಬೂದಿಗೆ ಇಳಿದರೂ ಯಾರೂ ಅತ್ತ ನೋಡಲಿಲ್ಲ.

"ಊರ ಮಂದಿ ಹೊಲಸು ಅರಿವಿ ಹಿಂಡಿದ್ದು ಅದು. ಒಲಿ ಮಗ್ಗಲಕ್ಕ ಇಡ್ತೀಯೇನು? ಕೋಣ್ಯಾಗ ನೂಕು, ಮ್ಯಾಲ ಜ್ವಾಳದ ಚೀಲ ಒಟ್ಟು."

"ಮುಚ್ಚಿಟ್ಟದ್ದು ಕಂಡ್ರ ಲೂಟಿ ಮಾಲು ಅಂತಾರ್ರಿ. ಅಡಗಿಮನ್ಯಾಗ ಎದುರಿಗೇ ಇದ್ರ ಮನಿ ಸಾಮಾನ ಅಂತಾರ" ಅಂದಳು ಸುಂದರಬಾಯಿ.

"ಪೂಜಿ ಜಾಗಾ ಅದ ಅಲ್ಲಿ!"

"ನಿಮ್ಮ ಧೋತರನೂ ಅದರಾಗೇ ಹಿಂಡ್ಯಾರಲ್ರಿ. ಅದನ್ನ ಉಟ್ಟುಕೊಂಡೇ ಪೂಜಿಗೆ ಕೂಡ್ತೀರಿ."

ಮಲ್ಲಿಕಾರ್ಜುನಪ್ಪ ಉಟ್ಟ ಧೋತರವನ್ನೊಮ್ಮೆ ನೋಡಿಕೊಂಡ. ಮಿಶನ್ ಅವರದಲ್ಲ, ಧೋಬಿ ನಜಮೋದ್ದೀನನದು. ನಾಲ್ಕು ಕಬ್ಬಿಣದ ಕಾಲು, ನಡುವೆ ಒಂದರ ಮೇಲೊಂದು ಎರಡು ಕಟ್ಟಿಗೆಯ ಉರುಳೆ, ಮಗ್ಗುಲಿಗೊಂದು ಹಿಡಿಕೆ. ಈ ಕಡೆ ತೊಯ್ದ ಅರಿವಿ ಕೊಟ್ಟು ತಿರುವಿದರೆ ಆ ಕಡೆ ನೀರೆಲ್ಲ ಸೋರಿ ಚಪ್ಪಟೆಯಾಗಿ ಬರುತ್ತಿತ್ತು. ಅವನ ಮನೆಯ ಐದು ಹೊಟ್ಟೆ ನಡೆಯುತ್ತಿದ್ದದ್ದು ಅದರ ಮೇಲೆಯೇ. ಬೀದರಿಗೆ ಹಿಂದುಸ್ತಾನದ ಮಿಲಿಟರಿ ಬರುವುದಕ್ಕೆ ನಾಲ್ಕು ದಿನ ಮೊದಲು ಅವನು ಅದನ್ನು ಬಂಡಿಯಲ್ಲಿ ತಂದು ಇಳಿಸಿ, "ಅಕ್ಕಾ, ಇದು ಅಮಾನತ್. ತಿರುಗಿ ಬಂದು ಒಯ್ತೇನಿ" ಅಂತ ಸುಂದರಬಾಯಿಯ ಕೈಗೊಪ್ಪಿಸಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೈದರಾಬಾದಿನ ಮಾವನ ಮನೆಗೆ ಹೋಗಿದ್ದ. ಮಿಲಿಟರಿ ಬಂತು, ನಿಜಾಮನ ಆಳಿಕೆ ಹೋಯಿತು, ಓಡಿಹೋದ ಮುಸಲ್ಮಾನರ ಮನೆಗಳು ಲೂಟಿಯಾದವು. ಈಗ, ಓಡಿಹೋದವರ ಸಾಮಾನು ಯಾರ ಮನೆಯಲ್ಲಿ ಸಿಕ್ಕರೂ ಮನೆಯವರನ್ನು ಹಿಡಿದೊಯ್ಯುತ್ತಾರೆ ಅಂತ ಡಂಗುರ ಸಾರಿದ್ದರು. ಇದು ಲೂಟಿಯದಲ್ಲ, ಕೊಟ್ಟು ಹೋದದ್ದು ಅಂತ ಹೇಳಬೇಕಾದವನು ಊರಲ್ಲೇ ಇರಲಿಲ್ಲ.

ಸುಂದರಬಾಯಿ ಮಿಶನ್ನನ್ನು ಬೂದಿ ನೀರಿನಿಂದ ಮೂರು ಸಲ ತಿಕ್ಕಿ ತೊಳೆದು ಅಡಿಗೆಮನೆಯಲ್ಲೇ ಇಟ್ಟಳು. ಮೂರನೇ ದಿನ ಸರಕಾರಿ ಕಚೇರಿಯ ಮುನ್ಶಿ ಕಾಶೀರಾಮ ಒಬ್ಬ ಜವಾನನ ಜೋಡಿ ತಪಾಸಣೆಗೆ ಬಂದ. ಜವಾನ ಅಂಗಳದಲ್ಲೇ ನಿಂತ. ಕಾಶೀರಾಮ ಚಪ್ಪಲಿ ಬಿಟ್ಟು ನೇರ ಅಡಿಗೆಮನೆಗೇ ಬಂದುಬಿಟ್ಟ.

"ಇದೇನ್ರಿ ಬಾಯಿ?"

"ಹಪ್ಪಳದ ಮಿಶನ್ ರೀ."

"ತಿರುವ್ರಿ, ನೋಡೂಣು."

ಪುಣ್ಯಕ್ಕೆ ಪರಾತದಲ್ಲಿ ನಾದಿದ ಹಿಟ್ಟಿತ್ತು. ಒಂದು ಉಂಡಿ ಉರುಳೆಗಳ ಸಂದಿಗೆ ಕೊಟ್ಟು ತಿರುವಿದಳು. ಆ ಕಡೆ ವೀಳ್ಯದೆಲೆಯಷ್ಟು ತೆಳ್ಳಗೆ ಬಂತು. ಮಲ್ಲಿಕಾರ್ಜುನಪ್ಪ ಬಾಗಿಲಲ್ಲಿ ನಿಂತು ಜಂತಿ ಎಣಿಸುತ್ತಿದ್ದ. "ಭಾಳ ಚಲೋ ಅದ. ಒಣಗಿದ ಮ್ಯಾಲ ನಾಕು ನಮಗೂ ಕಳಸ್ರಿ" ಅಂದ ಕಾಶೀರಾಮ, 'ಹಪ್ಪಳದ ಮಿಶನ್ ಒಂದು, ಮನೆಯವರದೇ' ಅಂತ ಬರೆದು ಠಸ್ಸೆ ಹೊಡೆದ ಕಾಗದ ಕೊಟ್ಟು ಹೋದ.

ಆ ಕಾಗದ ಮಲ್ಲಿಕಾರ್ಜುನಪ್ಪ ಮಡಿಚಿ ಟ್ರಂಕಿನಲ್ಲಿಟ್ಟ. ಅವತ್ತಿನಿಂದ ಅವನ ಮಾತಿನಲ್ಲಿ 'ನಮ್ಮ ಮಿಶನ್' ಅಂತ ಬರತೊಡಗಿತು. ಚೇಷ್ಟೆ ಮಾಡುತ್ತಾನೆ ಅಂದುಕೊಂಡಳು ಸುಂದರಬಾಯಿ. ಬಂದವರೆದುರಿಗೂ ಹಾಗೇ ಅಂದಾಗ ಚೇಷ್ಟೆಯೋ ಖರೆಯೋ ಅವಳಿಗೆ ತಿಳಿಯದಾಯಿತು.

ದೀಪಾವಳಿ ಕಳೆದ ಮೇಲೆ ನಜಮೋದ್ದೀನ ಬಂದ. ಸೊರಗಿದ್ದ, ಗಡ್ಡ ಬೆಳ್ಳಗಾಗಿತ್ತು. ದನಿ ಕೇಳಿ ಸುಂದರಬಾಯಿ ಕೈ ಒರೆಸಿಕೊಳ್ಳುತ್ತ ಎದ್ದಳು. ಅಷ್ಟರಲ್ಲಿ ಪಡಸಾಲೆಯಿಂದ ಗಂಡನ ಮಾತು ಕಿವಿಗೆ ಬಿತ್ತು.

"ಯಾವ ಮಿಶನ್ ಅಪಾ?"

"ಅರಿವಿ ಹಿಂಡೋದ್ರಿ ಸಾವಕಾರ. ಅಕ್ಕನ ಕೈಯಾಗ ಕೊಟ್ಟು ಹೋಗಿದ್ದೆ."

"ಅಂಥಾದ್ದು ನಮ್ಮಲ್ಲಿ ಇಲ್ಲ. ಇರೋದು ಹಪ್ಪಳದ ಮಿಶನ್ ಒಂದು. ಸರಕಾರದ ಕಾಗದ ಅದ ಅದಕ್ಕ."

ನಜಮೋದ್ದೀನ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. "ಹಂಗಾರ ನನಗೇ ನೆನಪು ತಪ್ಪಿರಬೇಕ್ರಿ" ಅಂದು ಮೆಟ್ಟಿಲು ಇಳಿದ.

ಸುಂದರಬಾಯಿಗೆ ಗೊಂದಲವಾಯಿತು. ಗಂಡ ಅಂಜಿ ಅಂದನೋ, ಆಸೆಬಿದ್ದು ಅಂದನೋ? ಮಾತಂತೂ ಅವಳದೇ. ಕಾಶೀರಾಮನೆದುರು ತಾನು ಆಡಿದ ಮಾತನ್ನೇ ಗಂಡ ಆಡಿದ್ದ. ಅವತ್ತು ಅದು ಮಿಶನ್ ಉಳಿಸಿತ್ತು, ಇವತ್ತು ಅದೇ ಕಸಿದುಕೊಳ್ಳುತ್ತಿತ್ತು. ನಿಂತು ಯೋಚಿಸಲು ಹೊತ್ತಿರಲಿಲ್ಲ. ಮಿಶನ್ನಿನ ಕಾಲು ಹಿಡಿದು ದರದರ ಎಳೆಯುತ್ತ, ನೆಲಕ್ಕೆ ಗೀರು ಬೀಳುವುದನ್ನೂ ನೋಡದೆ, ನಡುಮನೆ ದಾಟಿ ಪಡಸಾಲೆಗೆ ತಂದಳು.

"ನಜಮೋದ್ದೀನಭಾಯಿ, ನಿಂದ್ರರಿ. ಒಯ್ರಿ ಇದನ್ನ. ಸಂದ್ಯಾಗ ಹಿಟ್ಟು ಹತ್ತೇದ, ತೊಳಕೋರಿ."

ಅವನು ತಿರುಗಿ ಬಂದು ಉರುಳೆಯ ಮೇಲೆ ಅಂಗೈ ಆಡಿಸಿದ. "ಹಿಟ್ಟು ಯಾಕ್ರಿ ಅಕ್ಕಾ?" ಅಂದ. ಅವಳು ಮಿಶನ್ನಿನ ಇನ್ನೊಂದು ಬದಿಗೆ ಕೈ ಹಚ್ಚಿ, ಹೊರಗೆ ನಿಂತ ಅವನ ಬಂಡಿಗೆ ಏರಿಸಿದಳು.

ಬಂಡಿ ಹೋದ ಮೇಲೆ ಮಲ್ಲಿಕಾರ್ಜುನಪ್ಪ, "ನಾಳಿ ಕಾಶೀರಾಮ ಬಂದು ಮಿಶನ್ ಎಲ್ಲಿ ಅಂದ್ರ ಏನ್ ಹೇಳ್ತಿ?" ಅಂತ ಕೇಳಿದ. ಅವಳು ಹಿತ್ತಲಿಗೆ ಹೋಗಿ ಬೋಗುಣಿಯಲ್ಲಿ ಸಗಣಿ ಕಲಸಿಕೊಂಡು ಬಂದಳು. ಅದನ್ನು ಕಂಡು ಅವನ ಮುಖ ಸಡಿಲಾಯಿತು.

"ಈಗರೆ ತಿಳೀತಲ್ಲ, ಅಡಗಿಮನಿ ಮೈಲಿಗಿ ಆಗಿತ್ತಂತ. ಹೋಗು, ಚಲೋತ್ನಾಗಿ ಸಾರಸು."

ಸುಂದರಬಾಯಿ ಒಳಗೆ ಹೋಗಲಿಲ್ಲ. ಪಡಸಾಲೆಯಲ್ಲಿ, 'ನಮ್ಮಲ್ಲಿ ಇಲ್ಲ' ಅಂದು ಗಂಡ ನಿಂತ ಕಂಬದ ಬುಡಕ್ಕೇ ಬಂದು ಕೂತು ಸೆರಗು ಸಿಕ್ಕಿಸಿಕೊಂಡಳು.

"ಏ, ಇಲ್ಲಿ ಯಾಕ? ಮಿಶನ್ ಇದ್ದದ್ದು ಒಳಗಲ್ಲೇನು?"

"ಕಾಲ ತಗೀರಿ" ಅಂದಳು.