ಕಾಗೆಯೇ ಬೇಕು

ಹೊನ್ನಾವರದ ಡ್ರೋನ್ ಅಂಗಡಿಯಲ್ಲಿ ಹಕ್ಕಿಗಳ ಬುದ್ಧಿಯನ್ನೇ ಡ್ರೋನ್ ನಡೆಸುವ ಫ್ಲೈಟ್ ಕಂಟ್ರೋಲರ್ ಎಂದು ಮಾರುತ್ತಿದ್ದರು.

"ಮದುವೆ ಶೂಟಿಂಗಿಗೆ ಹದ್ದು ತಗೊಳ್ಳಿ, ಗಾಳಿಯಲ್ಲಿ ಅಲುಗಾಡದೆ ನಿಲ್ಲುತ್ತೆ," ಎಂದ ಅಂಗಡಿಯ ಇನಾಸ. "ಕಾಗೆ ಮಾತ್ರ ಬೇಡ. ಗುರುತಿಟ್ಟ ಮುಖವನ್ನ ಸಾಯೋವರೆಗೂ ಬಿಡಲ್ಲ."

"ಕಾಗೆಯೇ ಬೇಕು," ಎಂದಳು ರೆಮೇದಿ.

ದೋಣಿಯಲ್ಲಿ ಮಲಗಿದ್ದ ಅವಳ ತಮ್ಮನನ್ನು ದೋಣಿಸಮೇತ ಸುಟ್ಟ ಮರಳು ಸಾಹುಕಾರ ಪುಂಡಲೀಕ, ಸಾಕ್ಷಿಯಿಲ್ಲವೆಂದು ಬಿಡುಗಡೆಯಾಗಿದ್ದ. ರೆಮೇದಿ ಕಾಗೆಬುದ್ಧಿಯ ಡ್ರೋನಿಗೆ ಅವನ ಫೋಟೋ ತೋರಿಸಿ ಹಾರಿಬಿಟ್ಟಳು. ಅಂದಿನಿಂದ ಡ್ರೋನು ಅವನ ತಲೆಯ ಮೇಲೆಯೇ ಕಿರುಚುತ್ತ ಸುತ್ತುತ್ತಿತ್ತು. ಅದರ ಕೂಗಿಗೆ ಊರಿನ ಕಾಗೆಗಳೆಲ್ಲ ಬಂದು ಅವನನ್ನು ಕುಕ್ಕತೊಡಗಿದವು.

ಕೊನೆಗೆ ಅವನು ರಕ್ತ ಸೋರುವ ತಲೆ ಹಿಡಿದುಕೊಂಡು ಅವಳ ಅಂಗಳಕ್ಕೆ ಓಡಿಬಂದ.

"ನಾನೇ ಸುಟ್ಟೆ, ತಪ್ಪಾಯ್ತು! ನಿಲ್ಲಿಸು ತಾಯಿ!"

"ನನ್ನ ತಮ್ಮನೂ ಹೀಗೇ ಕೂಗಿರಬೇಕು," ಎಂದಳು ರೆಮೇದಿ. ಬ್ಯಾಟರಿ ಮುಗಿದು ಕೆಳಗಿಳಿದ ಡ್ರೋನಿಗೆ ಹೊಸದು ಹಾಕಿ, ಮತ್ತೆ ಹಾರಿಬಿಟ್ಟಳು.